ಮಹಾಜನಗಳೇ, ಯಾರೂ ಸತ್ತಿಲ್ಲ!

ಜನವರಿ ೪, ೧೯೩೫. ಮಡಿಕೇರಿ

ಮಹಾಜನಗಳೇ! ಮುಂದಿನ ಚಾಪೆಯ ಮಹನೀಯರೇ, ಹಿಂದಿನ ಬೆಂಚಿನ ಸಾಹುಕಾರರೇ, ಟಿಕೆಟ್ಟಿನ ಗೋಜಿಲ್ಲದೆ ಟೆಂಟಿನ ಹರಕಿಗೆ ಕಣ್ಣಿಟ್ಟಿರುವ ಭಾಗ್ಯಶಾಲಿಗಳೇ! ಬೀಡಿ ಆರಿಸಿ, ಅಳುವ ಕೂಸುಗಳ ಬಾಯಿಗೆ ಬೆಲ್ಲ ತುರುಕಿ, ಕಿವಿ ಇತ್ತ ಕೊಡಿ! ಮೈಸೂರಿನ ಮಹದೇವಪ್ಪ, ಭೀಮನ ಪಾತ್ರದಲ್ಲಿ ಗರ್ಜಿಸಿ ರಂಗಮಂದಿರದ ಹೆಂಚು ಉದುರಿಸಿದ ಅದೇ ಮಹದೇವಪ್ಪ, ಇಂದಿನಿಂದ ದಿನಚರಿ ಬರೆಯುತ್ತಿದ್ದಾನೆ!

ಚಪ್ಪಾಳೆ ಇಲ್ಲ. ಈ ಕೋಣೆಯ ಮಹಾಜನವೆಂದರೆ ಜಂತಿಯ ಮೇಲಿನ ಒಂದು ಹಲ್ಲಿ. ನನ್ನನ್ನು ನೋಡಿ ಅದು ಬೆನ್ನು ತಿರುಗಿಸಿತು. ವಿಮರ್ಶಕನಿರಬೇಕು.

ನನಗೆ ಬರೆಯುವ ಚಟವಿಲ್ಲ, ಕೂಗುವ ಚಟ. ಆದರೆ ನಿನ್ನೆ ಮನೆಯ ಒಡತಿ ಗಂಗಮ್ಮನವರು ಹಾಲಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತರು.

"ನಾಟಕದವ್ರೇ, ಬೆಳಗ್ಗೆ ಬೆಳಗ್ಗೆ ನೀವು ರಾವಣ ಆಗುದು ಬೇಡ. ನಮ್ಮ ದನ ಬೆದರಿ ಹಾಲು ಇಳಿಸುದಿಲ್ಲೆ."

"ಅಮ್ಮಾ, ಅದು ಕಂಠಸಾಧನೆ."

"ಸಾಧನೆ ಮನಸ್ಸಿನೊಳಗೇ ಮಾಡಿ. ಇಲ್ಲದಿದ್ರೆ ಹಾಲಿಲ್ಲದ ಕಾಫಿ ಕುಡೀರಿ."

ಕಲೆಯೋ ಕಾಫಿಯೋ? ಬಹಳ ಯೋಚಿಸಲಿಲ್ಲ. ಕಾಫಿ ಗೆದ್ದಿತು. ಆದ್ದರಿಂದ ಇನ್ನು ಮೇಲೆ ನಾನು ಕೂಗುವುದೆಲ್ಲ ಇಲ್ಲಿ, ಮಸಿಯಲ್ಲಿ.

ನಾನು ಈ ಊರಿಗೆ ಬಿದ್ದದ್ದು ಹೇಗೆಂದು ಹಲ್ಲಿಗೆ ತಿಳಿದಿರಲಿ. ಎರಡು ವರ್ಷದ ಹಿಂದೆ ನಮ್ಮ ಕಂಪನಿ ಇಲ್ಲಿಗೆ ನಾಟಕ ತಂದಿತು. ಜೂನ್ ತಿಂಗಳಲ್ಲಿ! ಮಡಿಕೇರಿಗೆ! ಪರದೆಗೆ ಬೂಷ್ಟು ಹಿಡಿಯಿತು, ಹಾರ್ಮೋನಿಯಂ ಉಬ್ಬಿ ಮೂಗಿನಲ್ಲಿ ಮಾತಾಡತೊಡಗಿತು. ಒಂದು ಬೆಳಗ್ಗೆ ಮೈಸೂರಿನ ಬಸ್ಸು ಹತ್ತಿದ ಮಾಲೀಕರು ಹಿಂದಿರುಗಲೇ ಇಲ್ಲ. ನಾನು ಉಳಿದೆ, ಭೀಮನ ಗದೆ ಉಳಿಯಿತು. ಗದೆ ಈಗ ಗಂಗಮ್ಮನವರ ಕೊಟ್ಟಿಗೆಯ ಬಾಗಿಲಿಗೆ ಒತ್ತು ಕೊಟ್ಟಿದೆ.

ಜನವರಿ ೧೩

ಇಂದು ಟೆಂಟು ತುಂಬಿತ್ತು. ಕಾಫಿ ಕೊಯ್ಲಿನ ಕಾಲ. ಎಸ್ಟೇಟಿನವರ ಕೈಯಲ್ಲಿ ಕಾಸು ಓಡಾಡುತ್ತಿದೆ.

ನನ್ನ ಉದ್ಯೋಗ ಇಂತಿದೆ: ಹುಣಸೂರಿನ ಮರದ ವ್ಯಾಪಾರಿ ಸಾಂತಪ್ಪ ಈ ಸಲ ಸಂತೆ ಮೈದಾನದ ಪಕ್ಕ ಟೆಂಟು ಹಾಕಿ ಮೂಕಿ ಚಿತ್ರ ತೋರಿಸುತ್ತಿದ್ದಾನೆ. ಪರದೆಯ ಮೇಲೆ ಬಿಳಿಯರು ಬಾಯಿ ಆಡಿಸುತ್ತಾರೆ. ಪಕ್ಕದಲ್ಲಿ ನಿಂತು ನಾನು ಮಾತಾಡುತ್ತೇನೆ. ಮುಖ ಅವರದು, ಗಂಟಲು ನನ್ನದು. ಕುದುರೆ ಓಡಿದರೆ ತೆಂಗಿನ ಚಿಪ್ಪು ಕುಟ್ಟುತ್ತೇನೆ, ಕೋವಿ ಹಾರಿದರೆ ಬಿಸ್ಕತ್ತಿನ ಡಬ್ಬಿ ಬಡಿಯುತ್ತೇನೆ. ಟೋಪಿಯ ನಾಯಕನಿಗೆ ಚಿಕ್ಕ ಎಂದು ಹೆಸರಿಟ್ಟಿದ್ದೇನೆ, ಅವನ ಪ್ರಿಯತಮೆ ಚಿನ್ನಿ. ಮೀಸೆಯ ಖಳನಿಗೆ ಊರಿನ ಹೆಂಡದ ಕಂಟ್ರಾಕ್ಟರನ ನಡಿಗೆಯನ್ನೇ ಅಂಟಿಸಿದ್ದೇನೆ. ಬೆಂಚಿನ ಸಾಲು ಹೊಟ್ಟೆ ಹಿಡಿದು ನಗುತ್ತದೆ. ಕಂಟ್ರಾಕ್ಟರನೂ ನಗುತ್ತಾನೆ, ಬೇರೆ ಯಾರೋ ಅಂದುಕೊಂಡಿದ್ದಾನೆ.

ಮೊದಲ ಬೆಂಚಿನ ಮೂಲೆ ಗಂಗಮ್ಮನವರ ಯಜಮಾನರಾದ ನಾಣಯ್ಯನವರಿಗೆ ಮೀಸಲು. ಹಿಂದೆ ಪಲ್ಟನ್ನಿನಲ್ಲಿ ಜಮಾದಾರರಾಗಿದ್ದವರು. ಎರಡೂ ಕಣ್ಣಿಗೆ ಪೊರೆ ಬಂದು ಪರದೆ ಅವರ ಪಾಲಿಗೆ ಬರೀ ಒಂದು ಬೆಳಕು. ಆದರೂ ದಿನಾ ಟಿಕೆಟ್ಟು ಕೊಂಡು ಬಂದು, ಕೋಲಿನ ಮೇಲೆ ಗಲ್ಲ ಊರಿ ಕೂರುತ್ತಾರೆ. ನನ್ನ ಕಲೆಯ ಪರಮ ರಸಿಕ ಒಬ್ಬ ಕುರುಡ! ಮೈಸೂರಿನ ಗೆಳೆಯರಿಗೆ ಈ ವಿಷಯ ತಿಳಿಯದಿರಲಿ.

ಮನೆಗೆ ಬರುವಾಗ ದಾರಿಯಲ್ಲಿ ಅವರೊಂದು ಕಟ್ಟಪ್ಪಣೆ ಮಾಡಿದರು.

"ಮಾದೇವಪ್ಪ, ನಿನ್ನ ಡಬ್ಬಿ ಒಂದು ಸಲ ಬಡಿ, ಮೂರು ಸಲ ಬಡಿ. ಎರಡು ಸಲ ಮಾತ್ರ ಬೇಡ."

"ಯಾಕೆ ಜಮಾದಾರ್ರೇ?"

"ನಮ್ಮಲ್ಲಿ ಗಂಡು ಹುಟ್ಟಿದ್ರೆ ಒಂದು ಗುಂಡು. ಜೀವ ಹೋದ್ರೆ ಎರಡು, ಒಂದರ ಹಿಂದೆ ಒಂದು. ಅದು ಕೇಳಿದ್ರೆ ಅನ್ನದ ತಟ್ಟೆ ಬಿಟ್ಟು ಏಳ್ತೇವೆ."

ಆಹಾ, ಎಂಥ ದೇಶ! ಪೋಸ್ಟಾಫೀಸಿಗೆ ಕೆಲಸವೇ ಇಲ್ಲ. ಆಚೆ ದಿಣ್ಣೆಯಲ್ಲಿ ಒಬ್ಬ ಕಣ್ಣು ಮುಚ್ಚಿದರೆ ಈಚೆ ದಿಣ್ಣೆಯವರು ಪಂಚೆ ಕಟ್ಟಿಕೊಂಡು ಹೊರಟೇಬಿಟ್ಟರು!

ಜನವರಿ ೨೦

ಸಿಡಿಲು! ಸಿಡಿಲು! ಹಿನ್ನೆಲೆಯಲ್ಲಿ ತಗಡು ಅಲ್ಲಾಡಿಸಿ!

ಸಾಂತಪ್ಪ ನನ್ನನ್ನು ಕರೆದು ವೀಳ್ಯದೆಲೆ ಕೊಟ್ಟ. ವ್ಯಾಪಾರಿ ತಾನಾಗಿ ವೀಳ್ಯ ಕೊಟ್ಟಾಗಲೇ ನನಗೆ ಅನುಮಾನ ಬರಬೇಕಿತ್ತು.

"ಮಹದೇವಪ್ಪ, ಮುಂದಿನ ತಿಂಗಳು ಟಾಕಿ ಮಿಷನ್ನು ಬರ್ತದೆ. ಮಾತಾಡೋ ಚಿತ್ರ. ಹಿಂದೂಸ್ತಾನಿ."

"ಒಳ್ಳೇದು. ನಾನು ಅದನ್ನ ಕನ್ನಡದಲ್ಲಿ..."

"ಚಿತ್ರವೇ ಮಾತಾಡ್ತದೆ ಅಂದ್ನಲ್ಲ. ನೀವ್ಯಾಕೆ?"

"ಇಲ್ಲಿ ಹಿಂದೂಸ್ತಾನಿ ಯಾರಿಗೆ ಅರ್ಥವಾಗುತ್ತೆ?"

"ಅರ್ಥ ಯಾರಿಗೆ ಬೇಕು? ಹಾಡುಂಟು, ಕುಣಿತ ಉಂಟು. ಮಿಷನ್ನು ಓಡಿದ ದಿನ ನಿಮ್ಮ ಲೆಕ್ಕ ಚುಕ್ತಾ. ಓಡದಿದ್ರೆ ನೀವೇ ಗತಿ. ದೇವರಾಣೆ ನನಗೂ ಬೇಜಾರು."

ಅವನ ಬೇಜಾರು ಎಷ್ಟಿತ್ತೆಂದರೆ ಹಾಡು ಗುನುಗುತ್ತಲೇ ಹೋದ. ಮಹಾಜನಗಳೇ, ನನ್ನ ಅನ್ನ ಈಗ ಒಂದು ಮಿಷನ್ನಿನ ಹೊಟ್ಟೆಯಲ್ಲಿದೆ. ಅದು ಕೆಟ್ಟರೆ ನಾನು ಉಂಟು. ಓಡಿದರೆ ಈ ಗಂಟಲನ್ನು ಹೊತ್ತು ಎಲ್ಲಿಗೆ ಹೋಗಲಿ? ಮೈಸೂರಿನಲ್ಲೂ ನಾಟಕದ ಕೊಟ್ಟಿಗೆಗಳೆಲ್ಲ ಟಾಕಿಯಾಗುತ್ತಿವೆಯಂತೆ.

ಜನವರಿ ೨೭

ಊರಿಗೆ ಊರೇ ಟಾಕಿ ಜ್ವರ ಹಿಡಿದು ಮಲಗಿದೆ. ಕಾಫಿ ಕ್ಲಬ್ಬಿನ ಗ್ರಾಮಫೋನಿನಲ್ಲಿ ಆ ಚಿತ್ರದ ಹಾಡಿನ ಪ್ಲೇಟು ಬೆಳಗ್ಗೆಯಿಂದ ಅಳುತ್ತಿದೆ. ಮುಳ್ಳು ಮೊಂಡಾಗಿ ನಾಯಕಿಗೆ ನೆಗಡಿ ಬಂದಂತಿದೆ, ಆದರೂ ಮಾಣಿ ದೋಸೆ ತಟ್ಟೆ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಾನೆ. ಕಚೇರಿ ಗುಮಾಸ್ತರು ನಾಯಕನಂತೆ ಬೈತಲೆ ತೆಗೆದು ಎಣ್ಣೆ ಸುರಿದುಕೊಂಡಿದ್ದಾರೆ. ಆ ತಲೆಗಳನ್ನು ಹಿಂಡಿದರೆ ಗಂಗಮ್ಮನವರು ಒಂದು ವಾರ ಒಗ್ಗರಣೆ ಹಾಕಬಹುದು.

ಸಂಜೆ ರಾಜಾಸೀಟಿಗೆ ಹೋದೆ. ಅಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಜನ ಸೇರುತ್ತಾರೆ. ನಿತ್ಯ ಅದೇ ಖೇಲು, ಅದೇ ನಟ, ಕಥೆಯಲ್ಲಿ ಒಂದು ಚೂರು ಬದಲಿಲ್ಲ, ಒಂದು ಮಾತಿಲ್ಲ, ಆದರೂ ಹೌಸ್‌ಫುಲ್. ಅವನ ಕೆಲಸವನ್ನು ಯಾವ ಮಿಷನ್ನೂ ಕಿತ್ತುಕೊಳ್ಳದು.

ಫೆಬ್ರವರಿ ೫

ನಾಣಯ್ಯನವರಿಗೆ ಎದೆ ಕಟ್ಟಿದೆ, ಕೆಮ್ಮು. ಟೆಂಟಿಗೆ ಬರುವಂತಿಲ್ಲ. ನೆಂಟರೆಲ್ಲ ಬಂದು ನೋಡಿಕೊಂಡು ಹೋದರು. ದಾಯಾದಿ ಬೆಳ್ಯಪ್ಪನೊಬ್ಬ ಬರಲಿಲ್ಲ. ಎರಡು ಮನೆಯ ನಡುವೆ ಒಂದು ಹಲಸಿನ ಮರವಿದೆ. ಅದು ಯಾರದೆಂದು ತೀರ್ಮಾನವಾಗದೆ ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಯಿತಂತೆ. ಹಣ್ಣು ಮಾತ್ರ ಮಂಗಗಳು ತಿನ್ನುತ್ತವೆ, ಅವುಗಳಲ್ಲಿ ಒಗ್ಗಟ್ಟಿದೆ.

ಮಧ್ಯಾಹ್ನ ಜಗಲಿಯಲ್ಲಿ ಕೂತು ನಾಣಯ್ಯನವರಿಗೆ ನಿನ್ನೆಯ ಚಿತ್ರ ಹೇಳಿದೆ. ಅಭ್ಯಾಸಕ್ಕೆಂದು ಮಾತ್ರ. ಗಂಗಮ್ಮನವರು ಅಕ್ಕಿರೊಟ್ಟಿ, ಬೆಲ್ಲದ ಕಾಫಿ ತಂದಿಟ್ಟದ್ದೂ ಒಂದು ಕಾರಣ.

"ಚಿಕ್ಕ ಕಡೆಗೆ ಬದುಕ್ತಾನಾ?" ಎಂದರು ನಾಣಯ್ಯ. ಚಿತ್ರದಲ್ಲಿ ಅವನು ಪ್ರಪಾತಕ್ಕೆ ಬಿದ್ದು ಸಾಯುತ್ತಾನೆ.

"ಬದುಕ್ತಾನೆ" ಎಂದೆ. "ಮರದ ಕೊಂಬೆಗೆ ಸಿಕ್ಕಿಕೊಂಡ."

"ಹಲಸಿನ ಮರ ಆಗಿರ್ಲಿಕ್ಕಿಲ್ಲೆ" ಎಂದು ಒಳಗಿಂದ ಗಂಗಮ್ಮ. ಮುದುಕರು ನಕ್ಕು ನಕ್ಕು ಕೆಮ್ಮಿದರು.

ಫೆಬ್ರವರಿ ೯

ಮತ್ತೆ ಜಗಲಿ. ಎರಡು ಚಿತ್ರ. ಅಭ್ಯಾಸಕ್ಕೆ.

ಫೆಬ್ರವರಿ ೧೩

ಮಿಷನ್ನು ಬಂತು, ಲಾರಿಯ ಮೇಲೆ, ಹಾರ ಹಾಕಿಸಿಕೊಂಡು. ಜೊತೆಗೆ ದೊಡ್ಡ ತುತ್ತೂರಿಯಂಥ ಎರಡು ಹಾರ್ನು. ಒಂದು ಪರದೆಯ ಹಿಂದೆ. ಇನ್ನೊಂದನ್ನು ಟೆಂಟಿನ ಹೊರಗೆ ಬಿದಿರಿನ ತುದಿಗೆ ಕಟ್ಟಿ ಊರಿನ ಕಡೆ ತಿರುಗಿಸಿದ್ದಾನೆ ಸಾಂತಪ್ಪ. ಹಾಡು ಕೇಳಿ ಜನ ಓಡಿ ಬರಬೇಕಂತೆ.

ಮಧ್ಯಾಹ್ನ ಹಾರ್ನಿಗೆ ತಂತಿ ಜೋಡಿಸುವ ಮೊದಲು ಒಳಗಷ್ಟೇ ಓಡಿಸಿ ನೋಡಿದರು. ನಾಯಕಿ ಹೂ ಕೀಳುತ್ತ ಹಾಡುತ್ತಾಳೆ, ನಾಯಕ ಹೂ ಎಣಿಸುತ್ತ ಹಾಡುತ್ತಾನೆ. ನಾಲ್ಕನೇ ರೀಲಿನಲ್ಲಿ ಖಳನು ಪಿಸ್ತೂಲು ತೆಗೆದು ಢಂ! ಢಂ! ಎಂದು ನಾಯಕಿಯ ಅಪ್ಪನನ್ನು ಮುಗಿಸುತ್ತಾನೆ.

ಎರಡು. ಒಂದರ ಹಿಂದೆ ಒಂದು.

ಸಾಂತಪ್ಪ ಹೊರಗಿನವನು, ಅವನಿಗೆ ಇಲ್ಲಿಯ ಪದ್ಧತಿ ಗೊತ್ತಿಲ್ಲ. ಹೇಳೋಣವೆಂದು ಬಾಯಿ ತೆರೆದೆ.

"ಮಹದೇವಪ್ಪ, ನಾಡಿದ್ದಿನಿಂದ ನಿಮ್ಮ ಬಾಯಿಗೆ ರಜ" ಎಂದ ನಗುತ್ತ.

ರಜ ಸಿಕ್ಕ ಬಾಯಿ ಮುಚ್ಚಿಕೊಂಡಿತು. ಮಹಾಜನಗಳೇ, ನಾಡಿದ್ದು ಜನ ಓಡಿ ಬರುತ್ತಾರೆ, ಖಂಡಿತ ಬರುತ್ತಾರೆ! ಚಟ್ಟ ಕಟ್ಟುವ ಬಿದಿರು ಹಿಡಿದೇ ಬರುತ್ತಾರೆ! ಆ ದೃಶ್ಯಕ್ಕೆ ನಾನು ಮುಂದಿನ ಚಾಪೆಯಲ್ಲಿ ಕೂರುತ್ತೇನೆ.

ಫೆಬ್ರವರಿ ೧೫, ಶುಕ್ರವಾರ

ಸಂತೆಯ ದಿನ. ಟೆಂಟಿನಲ್ಲಿ ಸೂಜಿ ಹಾಕಲು ಜಾಗವಿಲ್ಲ. ನಾಯಕಿ ಬಾಯಿ ತೆರೆದೊಡನೆ ಸದ್ದು ಬಂದದ್ದಕ್ಕೇ ಚಪ್ಪಾಳೆ. ನಾನು ಹನ್ನೆರಡು ವರ್ಷ ಬಾಯಿ ತೆರೆದಿದ್ದೇನೆ, ಒಂದು ದಿನವೂ ಸದ್ದು ಬಂದದ್ದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಮೇಲೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಎಂತ ಹೇಳ್ತಾಳೆ?" "ಗೊತ್ತಿಲ್ಲೆ." "ಅಳ್ತಾ ಉಂಟಾ, ನಗ್ತಾ ಉಂಟಾ?" ನನ್ನ ನಾಲಿಗೆ ಹಲ್ಲಿನ ಹಿಂದೆ ಕುದುರೆಯಂತೆ ಕೆನೆಯುತ್ತಿತ್ತು. ಕಟ್ಟಿ ಹಾಕಿದೆ.

ನಾಲ್ಕನೇ ರೀಲು. ಢಂ! ಢಂ! ಹೊರಗಿನ ಹಾರ್ನಿನಿಂದ ಆ ಸದ್ದು ಕೋಟೆಯ ಗೋಡೆಗೆ ಬಡಿದು, ದಿಣ್ಣೆ ದಿಣ್ಣೆ ದಾಟಿ ಹೋಯಿತು. ನಾನು ಬಾಗಿಲ ಕಡೆ ತಿರುಗಿ ಕೂತೆ. ಈಗ ಬರುತ್ತಾರೆ. ಈಗ.

ಒಬ್ಬರೂ ಬರಲಿಲ್ಲ. ಬೇಸತ್ತು ಹೊರಗೆ ಬಂದು ನೋಡಿದರೆ ಕೈಗೊಂದು ಪಂಜು ಹಿಡಿದ ಸಾಲು ಸಾಲು ಜನ ಗುಡ್ಡದ ದಾರಿ ಹತ್ತುತ್ತಿದ್ದಾರೆ. ನಮ್ಮ ಓಣಿಯ ಕಡೆಗೆ. ಆಗ ತಲೆಗೆ ಹೊಳೆಯಿತು: ಊರಿನಲ್ಲಿ ಕಾಯಿಲೆ ಬಿದ್ದು ಮಲಗಿರುವ ಹಿರಿಯರು ಯಾರೆಂದು ಎಲ್ಲರಿಗೂ ಗೊತ್ತು!

ಓಡಿದೆ. ಭೀಮನ ಪಾತ್ರದಲ್ಲೂ ನಾನು ಹಾಗೆ ಓಡಿದವನಲ್ಲ.

ಅಂಗಳ ತುಂಬ ಜನ. ಜಗಲಿಯಲ್ಲಿ ಕಂಬಳಿ ಹೊದ್ದು, ಕೋಲು ಹಿಡಿದು, ನಾಣಯ್ಯನವರು ಜೀವಂತವಾಗಿ ಕೂತಿದ್ದಾರೆ. ಗಂಗಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ. "ಯಾರು ಸತ್ತದ್ದು ಅಂತ ನಾನೇ ಕೇಳ್ತಾ ಇದ್ದೇನೆ! ಇವರು ಈಗಷ್ಟೇ ಗಂಜಿ ಕುಡಿದ್ರು!"

ಜನ ತಬ್ಬಿಬ್ಬು. ಅಷ್ಟರಲ್ಲಿ ಬೇಲಿ ಹಾರಿ, ಬರಿಗಾಲಲ್ಲಿ, "ಅಣ್ಣಾ! ನನ್ನ ಬಿಟ್ಟು ಹೋದಿಯಾ ಅಣ್ಣಾ!" ಎಂದು ಎದೆ ಬಡಿದುಕೊಳ್ಳುತ್ತ ಬಂದವನು ಬೆಳ್ಯಪ್ಪ.

"ಯಾರದು?" ಎಂದು ಕಿವಿ ನಿಮಿರಿಸಿದರು ನಾಣಯ್ಯ. "ಬೆಳ್ಯಪ್ಪನ ಸ್ವರ ಅಲ್ಲ ಇದು?"

ಬೆಳ್ಯಪ್ಪನ ಅಳು ಅರ್ಧಕ್ಕೆ ನಿಂತಿತು. "ನೀನು... ಸಾಯ್ಲಿಲ್ಲೆಯಾ?"

"ಬೇಜಾರಾಯ್ತಾ?"

"ಥೂ! ಇಷ್ಟು ಜನರ ಎದುರು ನನ್ನ ಮರ್ಯಾದೆ ತೆಗೀಲಿಕ್ಕೆ ಮಾಡಿದ ಆಟವಾ ಇದು? ಕೇಳು, ಇನ್ನು ಎಷ್ಟು ಗುಂಡು ಹಾರಿದ್ರೂ ನಾನು ಬರುದಿಲ್ಲೆ. ಮನುಷ್ಯರು ಯಾರಾದ್ರೂ ಬಾಗಿಲಿಗೆ ಬಂದು ಹೇಳ್ಲಿ, ಆಗ ನೋಡುವ!"

ಕಾಲಿಗೆ ಚುಚ್ಚಿದ ಮುಳ್ಳು ಕೀಳುತ್ತ ಹೋದ. ನಾಣಯ್ಯನವರು ಬಂದವರನ್ನೆಲ್ಲ ಹತ್ತಿರ ಕರೆದು, ಮುಖ ಸವರಿ ಗುರುತು ಹಿಡಿದು, ಕಾಫಿ ಕೊಡಿಸಿದರು. ತನ್ನ ಸಾವಿಗೆ ತಾನೇ ಯಜಮಾನಿಕೆ! ಕೊನೆಗೆ ನನ್ನ ಕೈ ಹಿಡಿದು ಎಂದರು, "ಮಾದೇವಪ್ಪ, ಬೆಳ್ಯಪ್ಪ ಅತ್ತದ್ದು ಕೇಳಿದ್ಯಾ? ಬರಿಗಾಲಲ್ಲಿ ಬಂದಿದ್ದ, ಅಲ್ಲ? ಹೆಜ್ಜೆಯಲ್ಲೇ ಗೊತ್ತಾಯ್ತು."

ನಾನು ಆ ದೃಶ್ಯಕ್ಕೆ ನಗಬೇಕಾಗಿತ್ತು. ದಣಿದಿದ್ದೆ, ಓಡಿದ್ದಕ್ಕೆ.

ಫೆಬ್ರವರಿ ೧೬

ಊರ ಹಿರಿಯರು ಸಾಂತಪ್ಪನ ಟೆಂಟಿಗೆ ನುಗ್ಗಿದರು. ಹಾರ್ನು ಇಳಿಸು ಎಂದರು. ಹಾರ್ನಿಲ್ಲದಿದ್ದರೆ ವ್ಯಾಪಾರವಿಲ್ಲ ಎಂದು ಅವನು ಕಾಲಿಗೆ ಬಿದ್ದ. ಕೊನೆಗೆ ಒಪ್ಪಂದವಾಯಿತು: ಗುಂಡು ಹಾರುವ ಮುಂಚೆ ಒಬ್ಬ ಮನುಷ್ಯ, ಊರಿಗೆಲ್ಲ ಕೇಳುವಂತೆ, ಇದು ಚಿತ್ರದ ಗುಂಡು ಎಂದು ಕೂಗಿ ಹೇಳಬೇಕು. ಊರಿಗೆಲ್ಲ ಕೇಳುವ ಗಂಟಲು ಯಾರದು?

ಸಾಂತಪ್ಪ ಮತ್ತೆ ವೀಳ್ಯ ತಂದ. ಈ ಸಲ ಏಲಕ್ಕಿ ಸೇರಿಸಿ.

ಗೆದ್ದೆ, ಮಹಾಜನಗಳೇ! ಮಿಷನ್ನಿನ ಹೊಟ್ಟೆಯಿಂದ ನನ್ನ ಅನ್ನವನ್ನು ಹೊರಗೆಳೆದೆ! ಪಾತ್ರ ಮಾತ್ರ ಸ್ವಲ್ಪ ಚಿಕ್ಕದು. ಒಂದೇ ವಾಕ್ಯ.

ಫೆಬ್ರವರಿ ೨೪

ಆ ಒಂದೇ ವಾಕ್ಯ ಊರನ್ನೇ ಗೆದ್ದಿದೆ! ನಾಲ್ಕನೇ ರೀಲು ಬರುತ್ತಿದ್ದಂತೆ ನಾನು ಟೆಂಟಿನ ಬಾಗಿಲಲ್ಲಿ ನಿಂತು, ಗದೆ ಎತ್ತಿ (ಕೊಟ್ಟಿಗೆಯಿಂದ ಬಿಡಿಸಿ ತಂದಿದ್ದೇನೆ), "ಮಹಾಜನಗಳೇ, ಹೆದರಬೇಡಿ! ಯಾರೂ..." ಎನ್ನುತ್ತೇನೆ. ಟೆಂಟಿಗೆ ಟೆಂಟೇ "ಸತ್ತಿಲ್ಲ!" ಎಂದು ಕೂಗುತ್ತದೆ. ಢಂ! ಢಂ! "ಒನ್ಸ್ ಮೋರ್!" ನಾಯಕಿಯ ಅಪ್ಪ ಸಾಯುವಾಗ ಜನ ಕೇಕೆ ಹಾಕಿ ನಗುತ್ತಾರೆ.

ಈಗ ಕಾಫಿ ಕ್ಲಬ್ಬಿನಲ್ಲಿ ತಟ್ಟೆ ಬಿದ್ದರೂ "ಯಾರೂ ಸತ್ತಿಲ್ಲ!" ಬಸ್ಸಿನ ಟಯರು ಒಡೆದರೆ ಕಂಡಕ್ಟರನ ಬಾಯಲ್ಲೂ ಅದೇ. ಇಂದು ಸಂತೆ ಮೈದಾನದಲ್ಲಿ ಒಬ್ಬ ಹೆಂಗಸು ತನ್ನ ಮಗುವಿಗೆ ನನ್ನನ್ನು ತೋರಿಸಿ "ಸತ್ತಿಲ್ಲ ಮಾಮ" ಎಂದಳು. ರಾವಣನಾಗಿ ಗಳಿಸದ ಕೀರ್ತಿ! ಯಾರ ಮನೆಯಲ್ಲೂ ಈಗ ಎರಡು ಗುಂಡಿಗೆ ಒಂದು ನಾಯಿಯೂ ತಲೆ ಎತ್ತುವುದಿಲ್ಲ.

ಮಾರ್ಚ್ ೩

ಮುದುಕರ ಉಸಿರು ಸರಿಯಿಲ್ಲ. ಡಾಕ್ಟರು ಬಂದು ತಲೆಯಾಡಿಸಿ ಹೋದರು. ಟಾಕಿಯ ಕಥೆ ಹೇಳು ಎಂದರು ನಾಣಯ್ಯ. ಹಿಂದೂಸ್ತಾನಿ ನನಗೂ ಬಾರದು, ಆದರೇನು, ಕಟ್ಟಿ ಹೇಳುತ್ತಿದ್ದೇನೆ. ದಿನಕ್ಕೆ ಸ್ವಲ್ಪ ಸ್ವಲ್ಪ. ಜಾಸ್ತಿ ಕೇಳಿದರೆ ಆಯಾಸ.

"ಬೆಳ್ಯಪ್ಪ ಆವತ್ತು ಬಂದಿದ್ದ" ಎಂದು ನಡುವೆ ನಡುವೆ ಹೇಳುತ್ತಾರೆ. "ಬರ್ತಾನೆ ಅಲ್ಲ, ಇನ್ನೊಮ್ಮೆ?"

"ಬರ್ತಾನೆ ಬಿಡಿ. ಬೇಲಿ ಹಾರಿ ಬರ್ತಾನೆ."

ಕೊಟ್ಟಿಗೆಯ ಬಾಗಿಲಿಗೆ ಒತ್ತಿಲ್ಲದೆ ದನ ಹೊರಗೆ ಬಂದಿತ್ತು. ಗದೆಯನ್ನು ಮತ್ತೆ ಅಲ್ಲಿಟ್ಟೆ. ಟೆಂಟಿನಲ್ಲಿ ಬರಿಗೈಯಲ್ಲಿ ಕೂಗಿದೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ಮಾರ್ಚ್ ೧೦

ಜಗಲಿ ಬಿಟ್ಟು ಈಗ ಒಳಗೆ, ಮಂಚದ ಪಕ್ಕ. ಮೆಲ್ಲಗೆ ಹೇಳು ಎನ್ನುತ್ತಾರೆ. ಮೆಲ್ಲಗೆ ಹೇಳುವುದು ನನಗೆ ಕಷ್ಟ. ಕಲಿಯುತ್ತಿದ್ದೇನೆ.

ಮಾರ್ಚ್ ೧೪

ಕೊನೆಯ ರೀಲು ನಾಳೆ ಹೇಳುತ್ತೇನೆ ಎಂದೆ. ಆಗಲಿ ಎಂದರು.

ಮಾರ್ಚ್ ೧೫, ಶುಕ್ರವಾರ

ನಾಲ್ಕನೇ ರೀಲು ಇನ್ನೂ ಬಂದಿರಲಿಲ್ಲ. ನಾಯಕಿ ಹೂ ಕೀಳುತ್ತಿದ್ದಳು. ಎರಡು ಗುಂಡು ಕೇಳಿಸಿತು, ಒಂದರ ಹಿಂದೆ ಒಂದು. ಹಾರ್ನಿನ ಸದ್ದಾಗಿರಲಿಲ್ಲ. ಮೇಲಿಂದ, ನಮ್ಮ ಓಣಿಯಿಂದ.

"ಓ ನಾಟಕದವ್ರೇ, ಇವತ್ತು ಕೂಗುದು ಮರೆತ್ರಾ?" ಎಂದು ಚಾಪೆಯಿಂದ ಯಾರೋ.

ಪರದೆಯ ಮುಂದೆ ಹೋಗಿ ನಿಂತೆ. ನಾಯಕಿಯ ಹೂಗಳೆಲ್ಲ ನನ್ನ ಅಂಗಿಯ ಮೇಲೆ ಬಿದ್ದವು. "ಮಹಾಜನಗಳೇ, ಇದು ಚಿತ್ರದ ಗುಂಡಲ್ಲ. ಜಮಾದಾರ್ ನಾಣಯ್ಯನವರು ಹೋದರು. ಏಳಿ."

ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ, "ಯಾರೂ..."

"ಸತ್ತಿಲ್ಲ!" ಎಂದಿತು ಟೆಂಟು.

ಇಲ್ಲ, ಸತ್ತಿದ್ದಾರೆ ಎಂದು ಕೂಗಿದೆ. ಭೀಮನ ಗಂಟಲಲ್ಲಿ ಕೂಗಿದೆ. ಜೋರಾದಷ್ಟೂ ಚಪ್ಪಾಳೆ ಜೋರಾಯಿತು. ಒನ್ಸ್ ಮೋರ್ ಎಂದರು. ಮಿಷನ್ನಿನ ಹತ್ತಿರ ನಿಂತ ಸಾಂತಪ್ಪ, ಭೇಷ್ ಎಂದು ಕೈಯೆತ್ತಿದ.

ಹೊರಟು ಬಂದೆ. ದಾರಿಯಲ್ಲಿ ಒಂದು ಪಂಜೂ ಇರಲಿಲ್ಲ.

ಗಂಗಮ್ಮನವರು ಮಂಚದ ಪಕ್ಕ ಕೂತಿದ್ದರು. ಕೋವಿ ಗೋಡೆಗೆ ಒರಗಿತ್ತು.

"ಮನೆಯಲ್ಲಿ ಗಂಡಸರು ಯಾರೂ ಇರ್ಲಿಲ್ಲೆ. ನಾನೇ ಹೊಡೆದೆ" ಎಂದರು. "ಹೆಗಲಿಗೆ ಪೆಟ್ಟಾಗಿದೆ. ಯಾರೂ ಬರ್ಲಿಲ್ಲೆ. ಎದುರು ಮನೆ ಮಕ್ಕಳು ಮಾತ್ರ ಏನೋ ಕೂಗಿದ್ವು."

ಏನು ಕೂಗಿದವೆಂದು ನನಗೆ ಗೊತ್ತು.

"ನಾನು ಹೊರಗೆ ನಿಂತು ಇನ್ನೊಂದು ಸಲ ಕೂಗಲಾ, ಅಮ್ಮಾ?"

"ಬೇಡ. ಇವತ್ತು ಅವರ ಜೊತೆ ಕೂತಿರಿ. ನಾಳೆ ಹೋಗಿ ಹೇಳಿ."

ಕೂತೆ. ಕೊನೆಯ ರೀಲು ಬಾಕಿ ಇತ್ತಲ್ಲ, ಹೇಳಿದೆ. ನಾಯಕಿಯ ಅಪ್ಪನೂ ಬದುಕಿದ. ಪಕ್ಕದ ಕೊಟ್ಟಿಗೆಯಲ್ಲಿ ದನ ಬೆದರಲಿಲ್ಲ, ಮೆಲುಕು ಹಾಕುತ್ತಲೇ ಇತ್ತು.

ಬೆಳಗ್ಗೆ ಮಂಜು ಏಳುವ ಮೊದಲೇ ಹೊರಡುತ್ತೇನೆ. ಮೊದಲು ಬೆಳ್ಯಪ್ಪನ ಮನೆಗೆ. ಬೇಲಿಯಾಚೆ ನಿಂತು ಕರೆಯುವುದಿಲ್ಲ. ಹಲಸಿನ ಮರದ ಪಕ್ಕದಿಂದ ಇಳಿದು, ಜಗಲಿ ಹತ್ತಿ, ಬಾಗಿಲು ತಟ್ಟಿ, ಅವನು ಎದುರು ಬಂದು ನಿಂತ ಮೇಲೆ, ಅವನೊಬ್ಬನಿಗೆ ಕೇಳುವಷ್ಟೇ ಹೇಳುತ್ತೇನೆ. ಆಮೇಲೆ ಪಕ್ಕದ ಮನೆ. ಆಮೇಲೆ ಅದರ ಪಕ್ಕದ್ದು.